ಸೂಳೆಕೆರೆ ಪಕ್ಕದ ಜಮೀನು, ಬೆಂಗಳೂರಿನ ಸಂಬಳ: ಕೆಲಸ ಬಿಡೋದು ಯಾವಾಗ?

ಅಪ್ರೈಸಲ್ ಮುಗಿದ ವಾರ ನಮ್ಮ ಇಂಜಿನಿಯರಿಂಗ್ ಬ್ಯಾಚಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದೇ ಮಾತು. ‘ಸಾಕಪ್ಪಾ ಈ ಕೋಡಿಂಗು. ಊರಿಗೆ ಹೋಗಿ ರಿಯಲ್ ಎಸ್ಟೇಟ್ ಮಾಡೋಣ.’ ಅದರ ಕೆಳಗೆ ಹತ್ತು ಥಂಬ್ಸ್ ಅಪ್. ‘ನಮ್ಮ ಚಿಕ್ಕಪ್ಪ ಒಂದೇ ಡೀಲಲ್ಲಿ ನನ್ನ ವರ್ಷದ ಸಂಬಳ ಎಣಿಸಿದ್ರು’ ಅಂತ ಒಬ್ಬನ ಕಥೆ. ಯಾವುದೋ ಲೇಔಟಿನ ಡ್ರೋನ್ ವಿಡಿಯೋ ಇನ್ನೊಬ್ಬನದು. ಮೂರು ದಿನ ಕಳೆದರೆ ಎಲ್ಲರೂ ಮತ್ತೆ ಲ್ಯಾಪ್‌ಟಾಪ್ ಮುಂದೆ.

ಈ ಮಾತನ್ನ ಸ್ವಲ್ಪ ಗಂಭೀರವಾಗಿ ತಗೊಂಡವರಲ್ಲಿ ನಾನೂ ಒಬ್ಬ. ನಮ್ಮೂರು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯಿಂದ ಹೆಚ್ಚು ದೂರ ಇಲ್ಲ. ಅಮ್ಮನ ತಮ್ಮ, ಅಂದ್ರೆ ನಮ್ಮ ಮಾವ, ಹದಿನೈದು ವರ್ಷದಿಂದ ಅಲ್ಲಿ ಜಮೀನು, ಸೈಟು ವ್ಯವಹಾರ ಮಾಡ್ಕೊಂಡು ಬಂದಿದ್ದಾರೆ. ಕಳೆದ ಹದಿನಾಲ್ಕು ತಿಂಗಳಿಂದ ತಿಂಗಳಿಗೆ ಎರಡು ವೀಕೆಂಡ್ ಅವರ ಬೈಕಿನ ಹಿಂದೆ ಕೂತು ಓಡಾಡ್ತಿದ್ದೀನಿ. ಪಹಣಿ ಓದೋದು, ಬದು ನೋಡೋದು, ಸಬ್‌ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಸಂಜೆವರೆಗೆ ಕಾಯೋದು, ಎಲ್ಲಾ ಆಯ್ತು. ಕಮಿಷನ್ ಮಾತ್ರ ಒಂದು ರೂಪಾಯಿನೂ ಮುಟ್ಟಿಲ್ಲ. ನನ್ನ ಆಫರ್ ಲೆಟರಿನಲ್ಲಿ ಬೇರೆ ಆದಾಯದ ಕೆಲಸ ಮಾಡೋ ಹಾಗಿಲ್ಲ ಅಂತ ಇದೆ.

ಇದನ್ನ ಮೊದಲೇ ಹೇಳೋಕೆ ಕಾರಣ ಇದೆ. 2022ರಲ್ಲಿ ವಿಪ್ರೊ ಮೂನ್‌ಲೈಟಿಂಗ್ ಅಂತ 300 ಜನರನ್ನ ಕೆಲಸದಿಂದ ತೆಗೆದಿದ್ದು ನಿಮಗೆ ನೆನಪಿರಬಹುದು. ಅದು ಪ್ರತಿಸ್ಪರ್ಧಿ ಕಂಪನಿಗಳಿಗೆ ಕೆಲಸ ಮಾಡಿದ ಆರೋಪ, ನಿಜ. ಆದ್ರೂ ವೀಕೆಂಡಿನಲ್ಲಿ ಸೈಟು ಮಾರಿ ದುಡ್ಡು ತಗೊಳ್ಳೋ ಮುಂಚೆ ನಿಮ್ಮ ಆಫರ್ ಲೆಟರ್ ಒಮ್ಮೆ ತೆಗೆದು ಓದಿ. ಕಲಿಯೋಕೆ ಯಾರ ಅನುಮತಿನೂ ಬೇಡ. ಗಳಿಸೋಕೆ ಬೇಕಾಗಬಹುದು.

ಈಗ ಯಾಕೆ ಇಷ್ಟು ಜೋರು?

ಕೆರೆ ಸುತ್ತ ಜಮೀನು ಕೇಳೋರು ಹೆಚ್ಚಾಗಿರೋದು ಸುಮ್ಮನೆ ಅಲ್ಲ. 1961ರ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಇದ್ದಾಗ ಕೃಷಿಕರಲ್ಲದವರಿಗೆ ಕೃಷಿ ಜಮೀನು ಕೊಳ್ಳೋ ದಾರಿ ಮುಚ್ಚಿತ್ತು. ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ದಾಟಿದವರಿಗಂತೂ ಬಾಗಿಲು ಬಂದ್. 2020ರ ತಿದ್ದುಪಡಿ ಆ ಕಲಮುಗಳನ್ನೇ ತೆಗೆದು ಹಾಕ್ತು. ಆಮೇಲೆ ಬೆಂಗಳೂರಿನಲ್ಲಿ ನಮ್ಮ ಪಕ್ಕದ ಡೆಸ್ಕಿನವರೂ ‘ನಿಮ್ಮ ಕಡೆ ಅಡಿಕೆ ತೋಟ ಎಕರೆಗೆ ಎಷ್ಟಿದೆ?’ ಅಂತ ಕೇಳೋಕೆ ಶುರು ಮಾಡಿದ್ರು.

ಆ ಪ್ರಶ್ನೆ ಕೇಳಿದಾಗ ನಮ್ಮಂಥವರಿಗೆ ಆಸೆ ಹುಟ್ಟೋದು ಸಹಜ. ಕೊಳ್ಳೋರು ನಮ್ಮ ಆಫೀಸಿನಲ್ಲಿದ್ದಾರೆ, ಮಾರೋರು ನಮ್ಮ ಊರಿನಲ್ಲಿದ್ದಾರೆ, ಮಧ್ಯೆ ನಾವೇ ಯಾಕೆ ನಿಲ್ಲಬಾರದು?

ನಿಲ್ಲಬಹುದು. ಆದ್ರೆ ‘ದಾವಣಗೆರೆ ಜಿಲ್ಲೆ’ ಅಂತ ಒಂದೇ ಮಾರ್ಕೆಟ್ ಇಲ್ಲ ಅನ್ನೋದು ಬೈಕ್ ಹತ್ತಿದ ಮೊದಲ ತಿಂಗಳೇ ಗೊತ್ತಾಗತ್ತೆ. 1997ರಲ್ಲಿ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಬಂದಿದ್ದು ಶಿವಮೊಗ್ಗದಿಂದ, ಜಗಳೂರು ಬಂದಿದ್ದು ಚಿತ್ರದುರ್ಗದಿಂದ. ನ್ಯಾಮತಿ ತಾಲ್ಲೂಕು ಆಗಿದ್ದು ಇತ್ತೀಚೆಗೆ, ಹೊನ್ನಾಳಿಯಿಂದ ಬೇರೆಯಾಗಿ. ಚನ್ನಗಿರೀಲಿ ಜಮೀನಿನ ಮಾತು ಅಂದ್ರೆ ಅಡಿಕೆಯ ಮಾತು. ತುಮ್ಕೋಸ್‌ನಲ್ಲಿ ರಾಶಿ ಅಡಿಕೆ ದರ ಏರಿದ್ರೆ ಕೊಳ್ಳೋರ ದನಿ ಏರತ್ತೆ, ಇಳಿದ್ರೆ ಅಡ್ವಾನ್ಸ್ ಕೊಟ್ಟವರೂ ಫೋನ್ ಎತ್ತಲ್ಲ. ಹೊನ್ನಾಳಿ ಕಡೆ ತುಂಗಭದ್ರೆಯ ದಂಡೆ ಎಷ್ಟು ದೂರ ಅನ್ನೋದು ಮೊದಲ ಪ್ರಶ್ನೆ. ಜಗಳೂರಿನಲ್ಲಿ ಬೋರ್‌ವೆಲ್ ಎಷ್ಟು ಅಡಿ ಅನ್ನೋ ಪ್ರಶ್ನೆ ಮುಗಿದ ಮೇಲೇ ಬೆಲೆಯ ಮಾತು, ಈಗೀಗ 57 ಕೆರೆ ತುಂಬಿಸೋ ಯೋಜನೆಯಲ್ಲಿ ನಿಮ್ಮೂರ ಕೆರೆ ಇದೆಯಾ ಅನ್ನೋ ಪ್ರಶ್ನೆನೂ ಸೇರಿದೆ. ಈ ಒಂದೊಂದು ನೆಲಕ್ಕೂ ಬೇರೆ ಬೇರೆ ವಿದ್ಯೆ ಬೇಕು.

ಸಂಬಳದ ಲೆಕ್ಕ, ಕಮಿಷನ್ ಲೆಕ್ಕ

ಲೆಕ್ಕ ಹಾಕೋದು ನಮಗೆ ಬರತ್ತಲ್ಲ, ಹಾಕೋಣ. ಕೈಗೆ ಬರೋ ಸಂಬಳ 80,000 ಅಂತಿಟ್ಟುಕೊಳ್ಳಿ. ತಾಲ್ಲೂಕು ಕೇಂದ್ರದಲ್ಲಿ 30–40ರ ಒಂದು ಸೈಟು 12 ಲಕ್ಷಕ್ಕೆ ಹೋಯ್ತು ಅಂದುಕೊಳ್ಳಿ. 2 ಪರ್ಸೆಂಟ್ ಕಮಿಷನ್ ಅಂದ್ರೆ 24,000. ಆದ್ರೆ ಗಿರಾಕಿ ಕರ್ಕೊಂಡು ಬಂದವರು ಒಬ್ಬರು, ಸೈಟು ತೋರಿಸಿದವರು ಇನ್ನೊಬ್ಬರು. ಅರ್ಧ ಹಂಚಿದ್ರೆ ನಿಮಗೆ 12,000. 80,000 ಆಗೋಕೆ ಇಂಥ ಏಳು ಸೈಟು ಬೇಕು, ಅದೂ ಪ್ರತಿ ತಿಂಗಳು. ಪೆಟ್ರೋಲು, ಚಹಾ, ಫೋಟೊ, ಜೆರಾಕ್ಸು, ಗಿರಾಕಿ ಬಂದಾಗ ಕಾರಿನ ಬಾಡಿಗೆ, ಇದೆಲ್ಲಾ ಆ 12,000ದೊಳಗೇ.

ಸ್ಯಾಲರಿ ಸ್ಲಿಪ್ಪಿನಲ್ಲಿ ಕಣ್ಣಿಗೆ ಬೀಳದ ಇನ್ನೂ ಕೆಲವು ಇವೆ. ಕಂಪನಿ ಕಟ್ಟೋ ಪಿಎಫ್ ಪಾಲು. ಅಪ್ಪ-ಅಮ್ಮನೂ ಸೇರಿದ ಗ್ರೂಪ್ ಇನ್ಶೂರೆನ್ಸ್. ಐದು ವರ್ಷ ಸೇವೆ ಮುಗಿಸಿದವರಿಗೆ ಗ್ರಾಚ್ಯುಟಿ. ನಾಲ್ಕೂವರೆ ವರ್ಷಕ್ಕೆ ರಾಜೀನಾಮೆ ಕೊಡೋ ಯೋಚನೆ ಇದ್ರೆ ಕ್ಯಾಲೆಂಡರ್ ಒಮ್ಮೆ ನೋಡಿ. ಮನೆ ಸಾಲ ಬೇಕಿದ್ರೆ ಅದನ್ನೂ ಕೆಲಸದಲ್ಲಿದ್ದಾಗಲೇ ಯೋಚಿಸಿ. ಸ್ವಂತ ವ್ಯವಹಾರ ಅಂದ ತಕ್ಷಣ ಬ್ಯಾಂಕಿನವರು ಹಿಂದಿನ ಎರಡು ಮೂರು ವರ್ಷದ ರಿಟರ್ನ್ಸ್ ಕೇಳ್ತಾರೆ.

ತೆರಿಗೆ ಕಡೆನೂ ಬದಲಾವಣೆ ಇದೆ. ಸಂಬಳದಲ್ಲಿ ಕಂಪನಿಯೇ ಹಿಡಿದುಕೊಂಡು ಕಟ್ಟತ್ತೆ. ಕಮಿಷನ್ನಿನಲ್ಲಿ ಹಿಡಿಯೋ ಟಿಡಿಎಸ್ 2024ರ ಅಕ್ಟೋಬರಿನಿಂದ 5ರಿಂದ 2 ಪರ್ಸೆಂಟಿಗೆ ಇಳಿದಿದೆ. ಕೈಗೆ ಜಾಸ್ತಿ ಬಂತು ಅಂತ ಖುಷಿಪಟ್ಟರೆ ಉಳಿದಿದ್ದನ್ನ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್‌ನಲ್ಲಿ ನೀವೇ ಮುಂಗಡ ತೆರಿಗೆ ಅಂತ ಕಟ್ಟಬೇಕು. ಸಣ್ಣ ವ್ಯಾಪಾರಿಗಳಿಗೆ ಇರೋ ಅಂದಾಜು ಲಾಭದ ಸುಲಭ ದಾರಿ ಕಮಿಷನ್, ದಲ್ಲಾಳಿ ಆದಾಯಕ್ಕೆ ಇಲ್ಲ, ಹಾಗಾಗಿ ಲೆಕ್ಕದ ಪುಸ್ತಕ ಇಡಲೇಬೇಕು. ವರ್ಷಕ್ಕೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ, ಕಮಿಷನ್ ಮೇಲೆ 18 ಪರ್ಸೆಂಟ್.

ಇನ್ನೊಂದು, ನಮ್ಮ ಕಡೆ ವರ್ಷದ ಹನ್ನೆರಡೂ ತಿಂಗಳು ಒಂದೇ ಥರ ಇರಲ್ಲ. ಆಷಾಢದಲ್ಲಿ ಅಡ್ವಾನ್ಸ್ ಕೊಡೋರಿಲ್ಲ. ಪಕ್ಷಮಾಸದಲ್ಲಿ ಮಾತೇ ಬೇಡ. ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ, ಮಾರಿ ದುಡ್ಡು ಕೈಗೆ ಬಂದ ಮೇಲೇ ಊರಿನವರು ಜಮೀನಿನ ಯೋಚನೆ ಮಾಡೋದು. ಯುಗಾದಿ, ಅಕ್ಷಯ ತೃತೀಯ ಹತ್ತಿರ ಬಂದ್ರೆ ರಿಜಿಸ್ಟ್ರಾರ್ ಆಫೀಸಿನಲ್ಲಿ ನಿಲ್ಲೋಕೆ ಜಾಗ ಇರಲ್ಲ. ಮಾರ್ಚಿನಲ್ಲಿ ಎರಡು ಡೀಲು ಆಯ್ತು ಅಂತ ಏಪ್ರಿಲ್‌ನಲ್ಲಿ ರಾಜೀನಾಮೆ ಬರೆದ್ರೆ, ಜುಲೈ ಹೊತ್ತಿಗೆ ಆಷಾಢ ಅಂದ್ರೆ ಏನು ಅಂತ ಪಂಚಾಂಗ ನೋಡದೇ ಅರ್ಥ ಆಗತ್ತೆ.

ನಮ್ಮ ಭಾಗದವರಿಗೆ ಇದು ಹೊಸದಲ್ಲ. ಅಡಿಕೆ ಖೇಣಿ ಹಿಡಿಯೋರನ್ನ ನೋಡಿ. ಕೊಯ್ಲಿಗೆ ಮೊದಲೇ ತೋಟದ ಮಾಲೀಕರಿಗೆ ದುಡ್ಡು ಕೊಟ್ಟಿರ್ತಾರೆ, ಮಾಲು ಒಣಗೋ ಹೊತ್ತಿಗೆ ದರ ಎಲ್ಲಿರತ್ತೋ ಗೊತ್ತಿಲ್ಲ. ಲಾಭ ಬಂದ ವರ್ಷದ ದುಡ್ಡನ್ನ ಪೂರ್ತಿ ಖರ್ಚು ಮಾಡದೇ ಇಟ್ಟವರು ಮಾತ್ರ ಹತ್ತು ವರ್ಷ ಆದ ಮೇಲೂ ಖೇಣಿ ಹಿಡೀತಿದ್ದಾರೆ.

ಎರಡು ಎಕರೆಯ ಕಥೆ

ಇಷ್ಟೂ ಲೆಕ್ಕವನ್ನ ಒಬ್ಬ ಸಿಎ ನನಗಿಂತ ಚೆನ್ನಾಗಿ ಹೇಳ್ತಾರೆ. ನಾನು ಇದನ್ನ ಬರೀತಿರೋದು ಬೇರೆ ಕಾರಣಕ್ಕೆ.

ಏಳು ತಿಂಗಳ ಹಿಂದೆ ಕೆರೆಯಿಂದ ಸ್ವಲ್ಪ ದೂರದ ಎರಡು ಎಕರೆ ತೋಟ ಮಾರಾಟಕ್ಕೆ ಬಂತು. ಎಕರೆಗೆ 40 ಲಕ್ಷ. ಕೊಳ್ಳೋಕೆ ಮುಂದೆ ಬಂದವರು ನನ್ನ ಜೊತೆ ಕೆಲಸ ಮಾಡೋರು. ಮಾರೋರು ಅಣ್ಣ-ತಮ್ಮ ಇಬ್ಬರು, ನಮ್ಮ ಮನೆಗೆ ಚಿಕ್ಕಂದಿನಿಂದ ಪರಿಚಯ. ತಮ್ಮನ ಆಪರೇಷನ್ ಇತ್ತು, ದುಡ್ಡು ಬೇಗ ಬೇಕಿತ್ತು. ಎರಡೂ ಕಡೆಯಿಂದ ಒಂದೊಂದು ಪರ್ಸೆಂಟ್ ಅಂದ್ರೆ ಮಾವನಿಗೆ 1.6 ಲಕ್ಷ. ಪಹಣಿ ಸರಿ ಇತ್ತು. ಋಣಭಾರ ಪತ್ರ ಖಾಲಿ ಇತ್ತು. ಮ್ಯುಟೇಷನ್ನೂ ಆಗಿತ್ತು.

ವಂಶವೃಕ್ಷ ತೆಗೆಸಿದಾಗ ಅದರಲ್ಲಿ ಮೂರನೇ ಹೆಸರಿತ್ತು. ಜಗಳೂರು ಕಡೆಗೆ ಮದುವೆ ಮಾಡಿ ಕೊಟ್ಟ ಅಕ್ಕ.

ಜಮೀನು ಪಿತ್ರಾರ್ಜಿತ. 2005ರ ತಿದ್ದುಪಡಿ ಆದ ಮೇಲೆ ಇಂಥ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅದು ಹುಟ್ಟಿನಿಂದ ಬರೋ ಹಕ್ಕು, ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕು ಅಂತೇನಿಲ್ಲ ಅಂತ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟವಾಗಿ ಹೇಳಿದೆ. ನಾನು ಮಾವನಿಗೆ ಹೇಳ್ದೆ, ‘ಮಾವ, ಅಕ್ಕನ ಸಹಿ ಇಲ್ಲದೇ ಬೇಡ.’

‘ಆಕೆ ಏನೂ ಅನ್ನಲ್ಲ ಕಣಪ್ಪಾ. ಮೊದ್ಲು ಇದು ಮುಗೀಲಿ, ಆಮೇಲೆ ಹಾಕ್ಸಿದ್ರಾಯ್ತು’ ಅಂದ್ರು ಮಾವ. ನಮ್ಮ ಕಡೆ ಎಷ್ಟೋ ಕ್ರಯಪತ್ರ ಆಗಿರೋದು ಈ ಒಂದು ಮಾತಿನ ಮೇಲೆ.

ಅಕ್ಕನಿಗೆ ಫೋನ್ ಮಾಡಿದ್ವಿ. ಜಮೀನು ಮಾರೋ ವಿಷಯವೇ ಆಕೆಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪ ಹಾಕಿದ ತೋಟ ಅದು. ನನ್ನ ಒಂದು ಮಾತು ಕೇಳಬಹುದಿತ್ತಲ್ಲ’ ಅಂದ್ರು. ಅಲ್ಲಿಗೆ ಡೀಲು ನಿಂತಿತು. ಅಣ್ಣ-ತಮ್ಮ ಆಪರೇಷನ್ನಿಗೆ ಬೇರೆ ಕಡೆ ಸಾಲ ಮಾಡಿದ್ರು. ಮಾವ ನನ್ನ ಜೊತೆ ಎರಡು ವಾರ ಮಾತಾಡಲಿಲ್ಲ. ಈಗ ಮೊನ್ನೆ ಮೊನ್ನೆ ಮೂರೂ ಜನ ಕೂತು ಮಾತಾಡಿ ಅಕ್ಕ ಸಹಿಗೆ ಒಪ್ಪಿದ್ದಾರಂತೆ, ಆದ್ರೆ ನನ್ನ ಸಹೋದ್ಯೋಗಿ ಅಷ್ಟರಲ್ಲಿ ಹೊನ್ನಾಳಿ ಕಡೆ ಬೇರೆ ಜಮೀನು ತಗೊಂಡಾಗಿತ್ತು.

ಮಾವ ಕೆಟ್ಟವರಲ್ಲ. ಆ ತಿಂಗಳು ಅವರ ಮಗಳ ಕಾಲೇಜು ಫೀಸು ಕಟ್ಟೋದಿತ್ತು, ಹಿಂದಿನ ಮೂರು ತಿಂಗಳು ಒಂದು ಡೀಲೂ ಆಗಿರಲಿಲ್ಲ. ನಾನು ಬೇಡ ಅಂದಿದ್ದು ಅವರಿಗಿಂತ ಒಳ್ಳೆಯವನು ಅನ್ನೋ ಕಾರಣಕ್ಕಲ್ಲ. ತಿಂಗಳ ಕೊನೆಗೆ ನನ್ನ ಅಕೌಂಟಿಗೆ ಸಂಬಳ ಬೀಳೋದಿತ್ತು, ಅವರಿಗೆ ಬೀಳೋದಿರಲಿಲ್ಲ. ವ್ಯತ್ಯಾಸ ಇಷ್ಟೇ.

‘ಯಾವಾಗ ಕೆಲಸ ಬಿಡಬೇಕು’ ಅನ್ನೋ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಅಲ್ಲಿ. ಸಂಬಳ ಇಲ್ಲದಿದ್ರೂ ಸರಿಯಿಲ್ಲದ ಡೀಲಿಗೆ ‘ಬೇಡ’ ಅನ್ನೋ ತಾಕತ್ತು ಯಾವಾಗ ಬರತ್ತೋ, ಆವಾಗ. ಅದಕ್ಕೂ ಮೊದಲು ಬಿಟ್ಟರೆ ಇಎಂಐ ದಿನಾಂಕ ಹತ್ತಿರ ಬಂದ ಹಾಗೆಲ್ಲಾ ಕಾಗದದಲ್ಲಿರೋ ಬಿರುಕು ಸಣ್ಣದಾಗಿ ಕಾಣೋಕೆ ಶುರು ಆಗತ್ತೆ.

ಬೇಡ ಅನ್ನಬೇಕಾದ ಜಾಗಗಳು

ಎಷ್ಟು ಸಲ ಬೇಡ ಅನ್ನಬೇಕಾಗತ್ತೆ ಅಂತ ಕೇಳ್ತೀರಾ? ಪಟ್ಟಿ ಉದ್ದ ಇದೆ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೇ ಮಾರೋ ಹಾಗಿಲ್ಲ. ವಾಪಸ್ ಕೇಳೋಕೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿನೂ ಆಗಿದೆ. ಮೂವತ್ತು ವರ್ಷದ ಹಿಂದೆ ಕೈ ಬದಲಾದ ಜಮೀನಿಗೂ ಇವತ್ತು ನೋಟಿಸ್ ಬರಬಹುದು. ಅಂಥದ್ದನ್ನ ನೀವು ಕೊಡಿಸಿದ್ದರೆ, ಕೊಂಡವರು ಮೊದಲು ಫೋನ್ ಮಾಡೋದು ನಿಮಗೇ.

ಬಗರ್‌ಹುಕುಂನಲ್ಲಿ ಮಂಜೂರಾದ ಜಮೀನಿಗೂ ಷರತ್ತು ಇರತ್ತೆ. ಮಂಜೂರಾತಿ ಪತ್ರ ಓದದೇ ಪಹಣಿ ಮಾತ್ರ ನೋಡಿದ್ರೆ ಸಾಲದು. ಕೆರೆ ಪಕ್ಕ ಅಂದ್ರೆ ಇನ್ನೂ ಹುಷಾರು. ಸೂಳೆಕೆರೆ ಒತ್ತುವರಿ ಬಿಡಿಸಬೇಕು, ಸರ್ವೆ ಆಗಬೇಕು ಅಂತ ವರ್ಷಗಟ್ಟಲೆ ಹೋರಾಟ ನಡೆದ ಜಾಗ ಇದು. ‘ಲೇಕ್ ವ್ಯೂ’ ಅಂತ ಬ್ರೋಷರಿನಲ್ಲಿ ಹಾಕೋ ಮೊದಲು ಆ ವ್ಯೂ ಕೆರೆಯ ಹೊರಗಿಂದನಾ, ಒಳಗಿಂದನಾ ಅಂತ ನಕ್ಷೆ ನೋಡಬೇಕು. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಬರತ್ತೆ, ಅದು ಶುರು ಮಾಡೋಕೆ ಸಾಕು. ತೀರ್ಮಾನಕ್ಕೆ ಮಾತ್ರ ಸರ್ವೆಯರ್ ಅಳತೆಯೇ ಬೇಕು.

ಭೂ ಪರಿವರ್ತನೆ ಆಗದ ಜಮೀನನ್ನ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಸೈಟು ಅಂತ ಮಾರೋದೂ ಇದೆ. ‘ಮುಂದೆ ಎಲ್ಲಾ ಸಕ್ರಮ ಆಗತ್ತೆ’ ಅನ್ನೋ ಭರವಸೆಯ ಮೇಲೆ ನೀವು ಸೈಟು ಮಾರಿದ್ರೆ, ಆಗದೇ ಹೋದ ದಿನ ಸರ್ಕಾರದ ಬದಲು ನಿಮ್ಮ ಮನೆ ಮುಂದೆ ಜನ ನಿಲ್ತಾರೆ.

ಇನ್ನು ರೇರಾ. 2016ರ ಕಾಯ್ದೆ ಪ್ರಕಾರ ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್‌ಗಿಂತ ದೊಡ್ಡ ಲೇಔಟಾಗಲಿ, ಎಂಟಕ್ಕಿಂತ ಹೆಚ್ಚು ಫ್ಲಾಟಿನ ಅಪಾರ್ಟ್‌ಮೆಂಟಾಗಲಿ ನೋಂದಣಿ ಆಗಲೇಬೇಕು. 500 ಚದರ ಮೀಟರ್ ಅಂದ್ರೆ ಹತ್ತಿರ ಹತ್ತಿರ ಐದು ಗುಂಟೆ, ಅಷ್ಟೇ. ಇಂಥ ಪ್ರಾಜೆಕ್ಟಿನಲ್ಲಿ ಮಾರಾಟ ಮಾಡಿಸೋ ಏಜೆಂಟೂ ನೋಂದಣಿ ಮಾಡಿಸಬೇಕು. ಕರ್ನಾಟಕದ 2017ರ ನಿಯಮದ ಪ್ರಕಾರ ವ್ಯಕ್ತಿಗೆ ಶುಲ್ಕ 25,000 ರೂಪಾಯಿ, ಐದು ವರ್ಷಕ್ಕೆ. ನೋಂದಣಿ ಇಲ್ಲದೇ ಮಾಡಿದ್ರೆ ದಿನಕ್ಕೆ 10,000ದಂತೆ, ಮಾರಿದ ಆಸ್ತಿ ಬೆಲೆಯ 5 ಪರ್ಸೆಂಟಿನವರೆಗೆ ದಂಡ. ನಿಮ್ಮ ಕಮಿಷನ್ 2 ಪರ್ಸೆಂಟ್ ಅನ್ನೋದು ನೆನಪಿರಲಿ.

ಮತ್ತೆ ನಗದು. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನ ಅಡ್ವಾನ್ಸ್ ಅಂತ ಕ್ಯಾಶಿನಲ್ಲಿ ತಗೊಳ್ಳೋ ಹಾಗಿಲ್ಲ. ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ‘ಎಲ್ರೂ ಹಂಗೇ ಮಾಡೋದು’ ಅನ್ನೋ ಜಾಗದಲ್ಲಿ ಕೂತು ಇದಕ್ಕೂ ಬೇಡ ಅನ್ನಬೇಕು.

ಭದ್ರಾ ಅಣೆಕಟ್ಟಿನ ಹಾಗೆ

ಹಾಗಾದ್ರೆ ಆ ತಾಕತ್ತನ್ನ ಅಳೆಯೋದು ಹೇಗೆ? ನಮ್ಮ ಭಾಗದ ರೈತರು ಒಂದು ದಾರಿ ತೋರಿಸಿಕೊಟ್ಟಿದ್ದಾರೆ.

ಭದ್ರಾ ಅಣೆಕಟ್ಟಿನ ಪೂರ್ಣ ಮಟ್ಟ 186 ಅಡಿ. ಮಳೆಗಾಲದಲ್ಲಿ ನಮ್ಮ ಕಡೆ ಬೆಳಿಗ್ಗೆ ಎದ್ದ ತಕ್ಷಣ ಕೇಳೋ ಮೊದಲ ಪ್ರಶ್ನೆ, ‘ಡ್ಯಾಮು ಎಷ್ಟಾಗಿದೆ?’ ನಾಲೆಗೆ ನೀರು ಬಿಡೋ ದಿನ ತೀರ್ಮಾನ ಆಗೋದು ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ. ಮೋಡ ಕಪ್ಪಾಗಿದೆ ಅಂತ ಯಾರೂ ನೀರು ಬಿಡಲ್ಲ. ಡ್ಯಾಮಿನಲ್ಲಿ ಎಷ್ಟಿದೆ, ಡೆಡ್ ಸ್ಟೋರೇಜ್ ಬಿಟ್ಟು ಬಳಸೋಕೆ ಎಷ್ಟು ಸಿಗತ್ತೆ, ಕುಡಿಯೋಕೆ ಎಷ್ಟು ಬೇಕು, ಉಳಿದಿದ್ದು ಎಷ್ಟು ದಿನ ಬರತ್ತೆ, ಈ ಲೆಕ್ಕ ಮೊದಲು. 2023ರ ಬರದಲ್ಲಿ ನೀರು ಬಿಡೋ ವಿಚಾರಕ್ಕೆ ದಾವಣಗೆರೆ ಭಾಗದ ರೈತರು ಬೀದಿಗಿಳಿದಿದ್ದರು. ಮುಂದಿನ ಬೇಸಿಗೆಯಲ್ಲಿ ಚನ್ನಗಿರಿ ಕಡೆ ತೋಟ ಉಳಿಸ್ಕೊಳ್ಳೋಕೆ ಟ್ಯಾಂಕರಿನಲ್ಲಿ ನೀರು ಹೊಡೆಸಿದವರಿದ್ದಾರೆ. ನೀರಿನ ಲೆಕ್ಕ ತಪ್ಪಿದ್ರೆ ಏನಾಗತ್ತೆ ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ.

ನಾನೂ ಅದೇ ಥರ ಮೂರು ಗೆರೆ ಹಾಕ್ಕೊಂಡಿದ್ದೀನಿ.

ಮೊದಲನೆಯದು ಡೆಡ್ ಸ್ಟೋರೇಜ್. ಅಪ್ಪ-ಅಮ್ಮನಿಗೆ, ನಮಗೆ ಸ್ವಂತ ಹೆಲ್ತ್ ಇನ್ಶೂರೆನ್ಸ್, ಆಸ್ಪತ್ರೆಗೆ ಅಂತ ಬೇರೆ ಇಟ್ಟ ದುಡ್ಡು. ಇದನ್ನ ವ್ಯವಹಾರಕ್ಕೆ ಮುಟ್ಟೋ ಹಾಗಿಲ್ಲ, ಎಷ್ಟೇ ಒಳ್ಳೆ ಸೈಟು ಸಿಕ್ಕಿದ್ರೂ ಸರಿ. ಇನ್ಶೂರೆನ್ಸನ್ನ ಕೆಲಸದಲ್ಲಿದ್ದಾಗಲೇ ಮಾಡಿಸಿ. ಮೊದಲೇ ಇರೋ ಕಾಯಿಲೆಗಳಿಗೆ ಪಾಲಿಸಿಯಲ್ಲಿ ಕಾಯೋ ಅವಧಿ ಇರತ್ತೆ, ಆ ಗಡಿಯಾರ ಬೇಗ ಶುರುವಾದಷ್ಟೂ ಒಳ್ಳೆಯದು.

ಎರಡನೆಯದು ಹದಿನೆಂಟು ತಿಂಗಳ ಮನೆ ಖರ್ಚು. ಹದಿನೆಂಟೇ ಯಾಕೆ? ಆಷಾಢ, ಕೊಯ್ಲು, ಯುಗಾದಿ ಎಲ್ಲಾ ಒಂದು ಸುತ್ತು ಬರೋಕೆ ಹನ್ನೆರಡು. ಅಡ್ವಾನ್ಸಿನಿಂದ ನೋಂದಣಿವರೆಗೆ ಪೋಡಿ, 11ಇ ನಕ್ಷೆ, ಸಹಿ ಅಂತ ಎಳೆದಾಡೋಕೆ ಇನ್ನಾರು. ತಿಂಗಳ ಖರ್ಚು ಇಎಂಐ ಸೇರಿ 50,000 ಅಂದ್ರೆ 9 ಲಕ್ಷ. ರೇರಾ ಶುಲ್ಕ, ಓಡಾಟದ ಖರ್ಚು ಇದರ ಮೇಲೆ. ಹೆಂಡತಿ ಅಥವಾ ಗಂಡನ ಸಂಬಳ ಇದ್ರೆ ಈ ಗೆರೆ ಸ್ವಲ್ಪ ಕೆಳಗಿಳಿಯತ್ತೆ. ಆದ್ರೆ ಅವರನ್ನ ಕೂರಿಸಿ ಕೇಳಿದ ಮೇಲೇ ಇಳಿಸಬೇಕು.

ಮೂರನೆಯದು ಒಳಹರಿವು. ಇಲ್ಲಿ ಅಡ್ವಾನ್ಸ್ ಲೆಕ್ಕಕ್ಕಿಲ್ಲ, ನೋಂದಣಿ ಆದ ಡೀಲು ಮಾತ್ರ ಲೆಕ್ಕಕ್ಕೆ. ಅದರಲ್ಲೂ ನಂಟರು, ಕಾಲೇಜು ಗೆಳೆಯರು, ಆಫೀಸಿನವರನ್ನ ಪಕ್ಕಕ್ಕಿಡಿ. ಆ ಪಟ್ಟಿ ಒಂದು ವರ್ಷಕ್ಕೆ ಖಾಲಿ. ಮೊದಲು ಕೊಂಡವರು ಇನ್ನೊಬ್ಬರಿಗೆ ಹೇಳಿ, ನಿಮಗೆ ಪರಿಚಯವೇ ಇಲ್ಲದವರು ಫೋನ್ ಮಾಡಿ ಬಂದು ವ್ಯವಹಾರ ಮುಗಿಸಿದ್ರೆ ಅದು ಒಂದು. ನನ್ನ ಗೆರೆ ಮೂರು.

ಮನೆಯಲ್ಲಿ ಕೇಳೋ ಪ್ರಶ್ನೆ

ಮನೆಯವರ ಮಾತು ಬರೀದೇ ಇದ್ರೆ ಈ ಅಂಕಣ ಅರ್ಧ. ಅಪ್ಪನಿಗೆ ಈ ವಿಷಯದಲ್ಲಿ ಒಂದೇ ಮುಜುಗರ: ‘ಮಗ ಏನ್ ಮಾಡ್ತಾನೆ ಅಂತ ಕೇಳಿದ್ರೆ ಬ್ರೋಕರ್ ಅನ್ಬೇಕಾ?’ ಮದುವೆಯಾಗದ ಗೆಳೆಯರ ಕಷ್ಟ ಇನ್ನೂ ದೊಡ್ಡದು. ಬಯೋಡೇಟಾದಲ್ಲಿ ಸಾಫ್ಟ್‌ವೇರ್ ತೆಗೆದು ರಿಯಲ್ ಎಸ್ಟೇಟ್ ಅಂತ ಹಾಕಿದ ವಾರದಿಂದ ಫೋನು ಕಡಿಮೆ ಆಯ್ತು ಅಂತ ಒಬ್ಬ ಹೇಳಿದ. ನಗಬೇಡಿ, ಅದೂ ಒಂದು ಖರ್ಚೇ. ಆ ಪದಕ್ಕೆ ಅಂಟಿರೋ ಕೆಟ್ಟ ಹೆಸರು ಕಾರಣ ಇಲ್ಲದೇ ಬಂದಿದ್ದಲ್ಲ, ಒಂದೊಂದೇ ಕ್ರಯಪತ್ರದಿಂದ ಬಂದಿದ್ದು. ಹೋಗೋದೂ ಹಾಗೇ.

ನನ್ನ ಹೆಂಡತಿ ಎಕ್ಸೆಲ್ ಶೀಟು ಪೂರ್ತಿ ನೋಡಿ ಒಂದೇ ಪ್ರಶ್ನೆ ಕೇಳಿದಳು. ‘ಬರೋ ತಿಂಗಳು ಎಷ್ಟು ಬರತ್ತೆ ಅಂತ ಬರ್ದಿದ್ದೀರ. ಬರದೇ ಇರೋ ತಿಂಗಳು ಎಷ್ಟಿರ್ತಾವೆ ಅಂತ ಎಲ್ಲಿ ಬರ್ದಿದ್ದೀರ?’ ಆ ಕಾಲಮ್ಮು ಅವತ್ತೇ ಸೇರಿಸಿದ್ವಿ. ಹದಿನಾಲ್ಕು ತಿಂಗಳಲ್ಲಿ ಮಾವನಿಗೆ ಏನೂ ಬರದ ತಿಂಗಳು ಎಂಟು. ಹದಿನೈದು ವರ್ಷ ಅನುಭವ ಇರೋ, ಊರಿಗೆಲ್ಲಾ ಪರಿಚಯ ಇರೋ ಮನುಷ್ಯನ ಲೆಕ್ಕ ಇದು.

ಹಾಗಂತ ಈ ಕೆಲಸವೇ ಬೇಡ ಅಂತ ಹೇಳ್ತಿಲ್ಲ. ಬೇಡ ಅನ್ನಿಸಿದ್ರೆ ನಾನು ಹದಿನಾಲ್ಕು ತಿಂಗಳು ಬಿಸಿಲಲ್ಲಿ ಬದು ತುಳೀತಿರಲಿಲ್ಲ. ಕಾಗದ ಓದೋಕೆ ಬರೋ, ಎರಡೂ ಕಡೆಯವರಿಗೆ ಸತ್ಯ ಹೇಳೋ ಒಬ್ಬ ಮನುಷ್ಯ ತಾಲ್ಲೂಕಿಗೆ ಬೇಕೇ ಬೇಕು. ಪಹಣಿ ಭೂಮಿ ತಂತ್ರಾಂಶದಲ್ಲಿದೆ, ನೋಂದಣಿ ಕಾವೇರಿಯಲ್ಲಿದೆ, ಗ್ರಾಮ ಪಂಚಾಯ್ತಿ ಸೈಟಿನ ಖಾತೆ ಇ-ಸ್ವತ್ತಿನಲ್ಲಿದೆ. ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ತಾಳೆ ನೋಡೋದು ನಮ್ಮಂಥ ಇಂಜಿನಿಯರಿಗೆ ಕಷ್ಟದ ಕೆಲಸ ಅಲ್ಲ. ತಾಳೆ ಆಗದಿದ್ದಾಗ ಎದ್ದು ಬರೋದು ಕಷ್ಟ, ಅದಕ್ಕೇ ಹದಿನೆಂಟು ತಿಂಗಳ ದುಡ್ಡು.

ಇವತ್ತಿನ ನನ್ನ ಮಟ್ಟ ಹೇಳಿಬಿಡ್ತೀನಿ. ಡೆಡ್ ಸ್ಟೋರೇಜ್ ತುಂಬಿದೆ. ಹದಿನೆಂಟರಲ್ಲಿ ಹನ್ನೊಂದು ತಿಂಗಳ ಖರ್ಚು ಸೇರಿದೆ. ಪರಿಚಯ ಇಲ್ಲದೇ ಬಂದು ನೋಂದಣಿ ಮುಗಿಸಿದವರು ಒಬ್ಬರು. ಹಾಗಾಗಿ ಬರೋ ಯುಗಾದಿಗೂ ನಾನು ಆಫೀಸಿನಲ್ಲೇ ಇರ್ತೀನಿ.

ನೀವೂ ಇದೇ ಯೋಚನೆಯಲ್ಲಿದ್ರೆ ಈ ವಾರ ರಾಜೀನಾಮೆ ಪತ್ರ ಡ್ರಾಫ್ಟ್ ಮಾಡೋದು ಬೇಡ. ಮನೆಯವರ ಜೊತೆ ಕೂತು ಒಂದು ಹಾಳೆ ಮೇಲೆ ನಿಮ್ಮ ಮೂರು ಗೆರೆ ಬರೆದು, ಇವತ್ತು ಎಲ್ಲಿದ್ದೀರಿ ಅಂತ ದಿನಾಂಕ ಹಾಕಿ ಗುರುತು ಮಾಡಿ. ಮೂರು ತಿಂಗಳಿಗೊಮ್ಮೆ ಮತ್ತೆ ನೋಡಿ. ಮಟ್ಟ ಏರದೇ ಇದ್ರೆ ಯಾಕೆ ಏರಲಿಲ್ಲ ಅಂತಾದ್ರೂ ಗೊತ್ತಾಗತ್ತೆ. ಏರಿ ಗೆರೆ ಮುಟ್ಟಿದ ದಿನ ಯಾರ ಸ್ಟೇಟಸ್ಸೂ ನೋಡಬೇಕಿಲ್ಲ, ಹೆಚ್‌ಆರ್‌ಗೆ ಮೇಲ್ ಕಳಿಸಿ.